ನೀಲಿ ತುಟಿಯ ಕೂಸು



ಮನೆಯಲ್ಲಿ ಕೂಸು ಹುಟ್ಟಿದರೆ ಎಲ್ಲರಿಗೂ ಸಂತೋಷ. ಆದರೆ ಕೆಲವು ಕೂಸುಗಳು ಹಾಲು ಕುಡಿಯುವಾಗಲೇ ಸುಸ್ತಾಗುತ್ತವೆ. ಎರಡು ಗುಟುಕು ಕುಡಿದು ಬಿಟ್ಟುಬಿಡುತ್ತವೆ. ಹಣೆ ಬೆವರುತ್ತದೆ. ಏದುಸಿರು ಬರುತ್ತದೆ. ತುಟಿ, ನಾಲಿಗೆ ನೀಲಿಯಾಗುತ್ತವೆ.

ಆಗ ಜನ ಏನಂತಾರೆ? "ದೃಷ್ಟಿ ಆಗದೆ" ಅಂತಾರೆ. "ಬಸುರೀಲಿ ಗ್ರಹಣ ನೋಡವ್ಳೆ" ಅಂತಾರೆ. ಎಲ್ಲ ತಪ್ಪೂ ತಾಯಿಯ ತಲೆಗೆ! ಇದು ಸರಿಯೇ?

ಸರಿಯಲ್ಲ. ಇದು ಹುಟ್ಟಿನಿಂದಲೇ ಬಂದ ಹೃದಯದ ತೊಂದರೆ ಇರಬಹುದು. ಸಾವಿರ ಕೂಸುಗಳಲ್ಲಿ ಸುಮಾರು 8 ಕೂಸುಗಳಿಗೆ ಇಂಥ ತೊಂದರೆ ಇರುತ್ತದೆ.

ಒಳಗೆ ಏನಾಗಿದೆ?

ನಾವು ಉಸಿರು ಎಳೆದಾಗ ಗಾಳಿ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ರಕ್ತ ಶುದ್ಧವಾಗುತ್ತದೆ. ಆ ಶುದ್ಧ ರಕ್ತವನ್ನು ನಾಲ್ಕು ನಾಳಗಳು ಹೃದಯದ ಎಡಭಾಗಕ್ಕೆ ತರುತ್ತವೆ. ಹೃದಯ ಅದನ್ನು ಮೈಗೆಲ್ಲ ಕಳಿಸುತ್ತದೆ.

ಅಪರೂಪಕ್ಕೆ ಈ ನಾಲ್ಕು ನಾಳಗಳೂ ಬೇರೆ ಕಡೆ ಸೇರಿಕೊಂಡಿರುತ್ತವೆ. ನಮ್ಮ ಹೊಲದ ನೀರು ಬೇರೆ ಕಾಲುವೆಗೆ ತಿರುಗಿದ ಹಾಗೆ. ಶುದ್ಧ ರಕ್ತ, ಅಶುದ್ಧ ರಕ್ತ ಬೆರೆತು ಕೂಸು ನೀಲಿಯಾಗುತ್ತದೆ. ತಾಯತ ಕಟ್ಟಿದರೆ ಈ ನಾಳ ತಿರುಗುವುದಿಲ್ಲ. ಆಪರೇಷನ್ ಮಾಡಿ ಸರಿಯಾದ ಕಡೆ ಜೋಡಿಸಬೇಕು. ತಡ ಮಾಡಿದರೆ ಜೀವಕ್ಕೇ ಅಪಾಯ.

ಹೃದಯದಲ್ಲಿ ಸಣ್ಣ ತೂತು ಇದ್ದರೆ ಕೆಲವು ಸಲ ತಾನೇ ಮುಚ್ಚಿಕೊಳ್ಳುತ್ತದೆ. ಯಾವುದು ಮುಚ್ಚುತ್ತದೆ, ಯಾವುದಕ್ಕೆ ಆಪರೇಷನ್ ಬೇಕು ಎಂದು ಡಾಕ್ಟರೇ ಹೇಳಬೇಕು.

ನಾವು ನೋಡುವುದು ಹೇಗೆ?

ಚಳಿಗೆ ಕೂಸಿನ ಕೈಕಾಲು ನೀಲಿಯಾಗುವುದುಂಟು. ಬೆಚ್ಚಗೆ ಹೊದಿಸಿದರೆ ಸರಿಹೋಗುತ್ತದೆ. ಆದರೆ ನಾಲಿಗೆ ನೀಲಿಯಾದರೆ ಸುಮ್ಮನಿರಬಾರದು.

ಕೂಸು ಮಲಗಿದಾಗ ಗಡಿಯಾರ ನೋಡಿ ಒಂದು ನಿಮಿಷ ಉಸಿರು ಎಣಿಸಿ. ನಮಗೀಗ ಎಣಿಸಲು ಬರುತ್ತದಲ್ಲ! ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕೂಡಲೇ ಆಸ್ಪತ್ರೆಗೆ ಹೊರಡಿ.

ಎಲ್ಲಿಗೆ ಹೋಗೋಣ?

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಅವರಿಗೆ ಎಲ್ಲ ಹೇಳಿ. ಅವಸರವಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು. ಎರಡೂ ಊರಿಂದ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಹೃದಯದ ಸ್ಕ್ಯಾನಿಗೆ 'ಎಕೋ' ಅಂತಾರೆ. ಅದಕ್ಕೆ ಸೂಜಿ ಚುಚ್ಚುವುದಿಲ್ಲ, ನೋವಾಗುವುದಿಲ್ಲ. ದೊಡ್ಡ ಆಪರೇಷನ್ ಬೇಕಾದರೆ ಬೆಂಗಳೂರಿಗೆ ಕಳಿಸಬಹುದು.

ದುಡ್ಡಿಲ್ಲ ಅಂತ ಮನೆಯಲ್ಲಿ ಕೂರಬೇಡಿ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಹುಟ್ಟಿದ ಕೂಸಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಅದರಲ್ಲಿದೆ. ಹೃದಯದ ತೊಂದರೆಯೂ ಸೇರಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡು, ತಾಯಿ ಕಾರ್ಡು, ಡಾಕ್ಟರು ಬರೆದ ಚೀಟಿ ಜೊತೆಗಿರಲಿ. ಚೀಟಿಯಲ್ಲಿ ಯಾವ ಆಸ್ಪತ್ರೆ, ಯಾವ ದಿನ ಎಂದು ನಾವೇ ಓದಿಕೊಳ್ಳೋಣ.

ಮಾತಾಡೋಣ, ಬರೆಯೋಣ

1. ಕೂಸಿನ ಯಾವ ಭಾಗ ನೀಲಿಯಾದರೆ ಅಪಾಯ?
2. ಒಂದು ನಿಮಿಷಕ್ಕೆ ಎಷ್ಟು ಉಸಿರು ಬಂದರೆ ಆಸ್ಪತ್ರೆಗೆ ಹೋಗಬೇಕು?
3. ನಿಮ್ಮೂರಿನ ಆಶಾ ಕಾರ್ಯಕರ್ತೆಯ ಹೆಸರು, ಫೋನ್ ನಂಬರು ಬರೆಯಿರಿ.
4. ಕೂಸಿಗೆ ಕಾಯಿಲೆ ಬಂದರೆ ತಾಯಿಯನ್ನು ದೂರುವುದು ಸರಿಯೇ? ಗುಂಪಿನಲ್ಲಿ ಮಾತಾಡಿ.