ತಿಂಗಳ ಸಂಬಳ ಬಿಟ್ಟವರ ಲೆಕ್ಕ

ಚಳ್ಳಕೆರೆಯ ಎಣ್ಣೆ ಮಿಲ್ಲು, ಗೊಬ್ಬರದ ಅಂಗಡಿ, ಕಿರಾಣಿ ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ಸಲ್ಲಿಸುವುದು ನನ್ನ ಕಸುಬು. ಮಾಡುವುದು ನಾಯಕನಹಟ್ಟಿ ಹೋಬಳಿಯ ನಮ್ಮ ಮನೆಯ ಪಡಸಾಲೆಯಲ್ಲಿ. ಇದಕ್ಕೂ ಮೊದಲು ಬೆಂಗಳೂರಿನ ಖಾಸಗಿ ಕಚೇರಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೆ. ಡಿಗ್ರಿ ಮುಗಿಸಿದ ಊರಿನ ಹೆಣ್ಣುಮಕ್ಕಳು, ಬೆಂಗಳೂರಿನಲ್ಲಿ ದುಡಿಯುತ್ತ ಜಾತ್ರೆಗೆಂದು ಬಂದ ಹುಡುಗರು ಸಿಕ್ಕಾಗೆಲ್ಲ ಒಂದೇ ಮಾತು ಕೇಳುತ್ತಾರೆ: “ಅಕ್ಕಾ, ನಾನೂ ಡ್ಯೂಟಿ ಬಿಟ್ಟು ಊರಾಗೇ ಏನಾರ ಮಾಡ್ಲಾ?” ಈ ಸಲದ ಅಂಕಣ ಅವರಿಗಾಗಿ.

ಹೀಗೆ ಕೇಳುವವರನ್ನು ಮೈಗಳ್ಳರು ಅನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಊರಿಗೆ ಬಂದದ್ದು ಅಪ್ಪನಿಗೆ ಲಕ್ವ ಹೊಡೆದಾಗ. ಅವ್ವನೊಬ್ಬಳಿಂದ ಅವರನ್ನು ಎತ್ತಿ ಕೂರಿಸಲು ಆಗುತ್ತಿರಲಿಲ್ಲ. ಕಚೇರಿಯವರು ಕೊಟ್ಟ ರಜೆ ಮುಗಿಯಿತು, ಅಪ್ಪನ ಕಾಯಿಲೆ ಮುಗಿಯಲಿಲ್ಲ. ನನ್ನ ಹಾಗೆ ಬಂದವರನ್ನೆಲ್ಲ ವಿಚಾರಿಸಿ ನೋಡಿ, ಇಂಥದ್ದೇ ಒಂದು ಕಾರಣ ಇರುತ್ತದೆ. ಮಗು ಅಂಗನವಾಡಿಯಿಂದ ಮಧ್ಯಾಹ್ನ ಬರುತ್ತದೆ, ನೋಡಿಕೊಳ್ಳುವವರಿಲ್ಲ. ಶೇಂಗಾ ಕೀಳುವ ಹೊತ್ತಿಗೆ ಮನೆಯ ಎಲ್ಲ ಕೈಗಳೂ ಹೊಲದಲ್ಲಿರಬೇಕು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳು ನಮ್ಮವು. ಬಿದ್ದ ಒಂದು ಹದಮಳೆಗೆ ಬಿತ್ತಲಿಲ್ಲವೆಂದರೆ ಆ ವರ್ಷ ಹೋಯಿತು. ಮಳೆ ಬಿದ್ದ ಮರುದಿನ ಯಾವ ಮ್ಯಾನೇಜರು ರಜೆ ಕೊಡುತ್ತಾರೆ?

ಇನ್ನೊಂದು ಕಾರಣ ಬರೀ ದುಡ್ಡಿನದು. ಬೆಂಗಳೂರಿನಲ್ಲಿ ನನ್ನ ಕೈಗೆ ಬರುತ್ತಿದ್ದುದು 24 ಸಾವಿರ. ಪಿಜಿ ಬಾಡಿಗೆ, ಊಟ, ಬಸ್ಸು, ಕಚೇರಿಗೆ ಹೋಗಲು ಬೇಕಾದ ಬಟ್ಟೆ ಬರೆ, ಮೊಬೈಲು, ಊರಿಗೆ ಓಡಾಟ ಎಲ್ಲ ಸೇರಿ 14 ಸಾವಿರ ಅಲ್ಲೇ ಕರಗುತ್ತಿತ್ತು. ಉಳಿದ 10 ಸಾವಿರವೇ ನನ್ನ ನಿಜವಾದ ಸಂಬಳ. ಊರಿನಲ್ಲಿ ಖರ್ಚು ಕಳೆದು ಅಷ್ಟೇ ಉಳಿಸಬಲ್ಲೆನಾದರೆ ನಷ್ಟ ಎಲ್ಲಿಯದು ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಗಂಟುಮೂಟೆ ಕಟ್ಟಿಕೊಂಡು ಊರಿಗೆ ನಡೆದವರನ್ನು ಕಂಡ ಮೇಲಂತೂ, ಒಂದೇ ಕಡೆಯಿಂದ ಬರುವ ಸಂಬಳವನ್ನು ನೆಚ್ಚಿಕೊಳ್ಳಲು ಬಹಳ ಜನರಿಗೆ ಭಯ.

ಆದರೆ ಆ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ವರವು ಕಾವಲಿನ ಕಥೆ. ಯಾಕೆಂದರೆ ನಮ್ಮ ಸೀಮೆಯಲ್ಲಿ ಆಫೀಸು, ಡ್ಯೂಟಿ, ಪಂಚಿಂಗ್ ಯಾವುದೂ ಇಲ್ಲದೆ ತಲೆಮಾರುಗಟ್ಟಲೆ ಬದುಕಿದ ಜನ ಇದ್ದಾರೆ. ಅವರು ಹೇಗೆ ಬದುಕಿದರು ಎಂಬುದರಲ್ಲಿ ನಮಗೆ ಬೇಕಾದ ಲೆಕ್ಕವೆಲ್ಲ ಇದೆ.

ಚಳ್ಳಕೆರೆ ಮೊಳಕಾಲ್ಮುರು ಕಡೆಯ ವರವು ಕಾವಲಿನಂಥ ಹುಲ್ಲುಗಾವಲುಗಳು ಅಮೃತ ಮಹಲ್ ಕಾವಲುಗಳು, ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಬಿಟ್ಟ ನೆಲ. ಸುತ್ತಲ ಹಟ್ಟಿಗಳ ಮ್ಯಾಸನಾಯಕರ ದೇವರೆತ್ತು, ಕುರುಬರ ಕುರಿಮಂದೆ, ಉಳಿದವರ ಒಂದೆರಡು ಆಕಳು ಎಲ್ಲಕ್ಕೂ ಅಲ್ಲೇ ಮೇವು. ಕುರಿ ಮೇಯಿಸಿದವರಿಗೆ ಆದಾಯ ಒಂದು ಕಡೆಯಿಂದ ಬರುತ್ತಿರಲಿಲ್ಲ. ಮರಿ ಮಾರಿದರೆ ಒಂದಷ್ಟು, ಬೇರೆಯವರ ಹೊಲದಲ್ಲಿ ಮಂದೆ ತರುಬಿದರೆ ಕಾಳೋ ಕಾಸೋ ಒಂದಷ್ಟು, ತುಪ್ಪಟ ಕತ್ತರಿಸಿದರೆ ಕಂಬಳಿ. ಮಳೆ ಬಂದರೆ ಶೇಂಗಾ. ಒಂದು ಕೈಕೊಟ್ಟರೆ ಇನ್ನೊಂದು.

ನಮ್ಮ ಪಕ್ಕದ ಮನೆಯ ದೊಡ್ಡವ್ವ ಈಗಲೂ ರಾಟೆ ತಿರುಗಿಸುತ್ತಾರೆ. ಬೆಳಗಿನ ರೊಟ್ಟಿ ಮುಗಿಸಿ, ಕುರಿಮರಿಗಳಿಗೆ ಸೊಪ್ಪು ಕಟ್ಟಿ, ಬಿಸಿಲು ಜಗಲಿಯಿಂದ ಇಳಿದ ಮೇಲೆ ಕೂರುತ್ತಾರೆ. ಹಿಂಜಿದ ಕರಿ ತುಪ್ಪಟದ ಒಂದು ಹಿಡಿಯನ್ನು ಎಡಗೈಯಲ್ಲಿ ಹಿಡಿದು ಎಳೆದರೆ ಕದಿರಿಗೆ ನೂಲು ಓಡುತ್ತದೆ. ಮೊಮ್ಮಗ ಅತ್ತರೆ ನಿಲ್ಲಿಸುತ್ತಾರೆ, ಅವನು ಮಲಗಿದರೆ ಮತ್ತೆ ಶುರು. ಹಾಗೆ ಕೂಡಿಟ್ಟ ನೂಲು ಗುಂಡಿ ಮಗ್ಗಕ್ಕೆ ಹೋಗುವ ಮೊದಲು ಹುಣಸೆ ಬೀಜದ ಗಂಜಿ ಕುಡಿದು ಬಿಸಿಲಲ್ಲಿ ಬಿಗಿಯಾಗಿ ಒಣಗಬೇಕು. ಗಂಜಿ ಸರಿ ಹತ್ತಿದರೆ ಕಂಬಳಿ ಮಳೆಗೂ ಜಗ್ಗುವುದಿಲ್ಲ. “ನಂಗೇನವ್ವ, ಕೈ ಆಡಿದಷ್ಟು ಕಾಸು” ಅನ್ನುತ್ತಾರೆ ದೊಡ್ಡವ್ವ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ನಮ್ಮ ಸೀಮೆಯ ಮಕ್ಕಳಿಗೂ ಬಾಯಿಪಾಠ. ಕೆರೆ ಕಟ್ಟಿಸುವಾಗ ಸ್ವಾಮಿಗಳು ಯಾರು ಎಷ್ಟು ದುಡಿದರೋ ಅಷ್ಟೇ ಕೂಲಿ ಸಿಗುವಂತೆ ಮಾಡುತ್ತಿದ್ದರು ಎಂದು ಜನ ಹೇಳುತ್ತಾರೆ. ಕೆಲಸಕ್ಕೆ ತಕ್ಕ ಕಾಸು ಎಂಬುದು ನಮಗೆ ಮೊಬೈಲ್ ಆ್ಯಪಿನಿಂದ ಬಂದ ವಿಚಾರವಲ್ಲ.

ಇಷ್ಟೆಲ್ಲ ನಡೆದದ್ದು ಕಾವಲಿನ ಹುಲ್ಲಿಗೆ ದುಡ್ಡು ಕೊಡಬೇಕಿರಲಿಲ್ಲ ಎಂಬ ಒಂದೇ ಆಧಾರದ ಮೇಲೆ. ಸಂಬಳದಾರನಿಗೆ ಪಿಎಫ್ ಹೇಗೋ ಕುರಿಗಾಹಿಗೆ ಕಾವಲು ಹಾಗೆ. ಬರ ಬಿದ್ದ ವರ್ಷವೂ ಒಣಹುಲ್ಲು ಅಲ್ಲಿರುತ್ತಿತ್ತು. ಹೊತ್ತು ಅವರ ಕೈಯಲ್ಲಿತ್ತು, ಯಾಕೆಂದರೆ ಬಂಡವಾಳಕ್ಕೆ ಯಾರ ಮುಂದೆಯೂ ಕೈ ಒಡ್ಡಬೇಕಿರಲಿಲ್ಲ.

ಆಮೇಲೆ ಆದದ್ದು ನಾಡಿಗೆಲ್ಲ ಗೊತ್ತು. ಸುಮಾರು 10 ಸಾವಿರ ಎಕರೆ ಕಾವಲನ್ನು ದೊಡ್ಡ ಸಂಸ್ಥೆಗಳಿಗೆ ಕೊಡಲಾಯಿತು. ವರವು ಕಾವಲ್ ಮತ್ತು ಕುದಾಪುರದಲ್ಲಿ ಡಿಆರ್‌ಡಿಒಗೆ 4,290 ಎಕರೆ, ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಪಕ್ಕದಲ್ಲಿ ಇಸ್ರೊಗೆ. ಊರವರು ಹೋರಾಡಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೂ ಹೋಯಿತು. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವನ್ನು ಉದ್ಘಾಟಿಸಿದರು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ಉಡಾವಣಾ ವಾಹನ ತಾನಾಗಿ ಬಂದು ಇಳಿದದ್ದು ಇಲ್ಲಿಯ ರನ್‌ವೇಯಲ್ಲೇ. ಅದರ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಮನೆಲೆಕ್ಕದ ಕಣ್ಣಿನಿಂದ ನೋಡಿದರೆ ಕಾಂಪೌಂಡು ಎದ್ದ ದಿನದಿಂದ ಕುರಿ ಸಾಕಣೆ ಬೇರೆಯದೇ ಕಸುಬಾಯಿತು. ಮೇವು ಕೊಳ್ಳಬೇಕು, ಇಲ್ಲವೇ ಮಂದೆ ಹೊಡೆದುಕೊಂಡು ದೂರ ಹೋಗಬೇಕು. ಕರಿ ತುಪ್ಪಟದ ಕುರಿ ಬಿಟ್ಟು, ಮಾಂಸಕ್ಕೆ ಬೇಗ ತೂಗುವ, ತುಪ್ಪಟವಿಲ್ಲದ ತಳಿಗೆ ಎಷ್ಟೋ ಜನ ಹೊರಳಿದರು. ರಾಟೆಗೆ ತುಪ್ಪಟ ಸಾಲದು. ಸಂಸ್ಥೆ ಬಂದರೆ ಮನೆಗೊಂದು ನೌಕರಿ ಎಂದು ನಂಬಿದವರಿಗೆ ಸಿಕ್ಕರೆ ಸಿಗುವುದು ಗುತ್ತಿಗೆದಾರರ ಕೈಕೆಳಗಿನ ಕೆಲಸ.

ಹಾಗಾಗಿ ಹೊತ್ತು ನಮ್ಮದಾಗಿರಬೇಕೆಂದರೆ ನಮ್ಮ ಕೆಳಗೆ ಕಾವಲಿನಂಥ ಆಸರೆ ಏನಾದರೊಂದು ಇರಲೇಬೇಕು. ಅದು ಇಲ್ಲದವರ ಮನೆಗೆಲಸ ಯಾವ ಸ್ಥಿತಿಗೆ ಬರುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಮೊಳಕಾಲ್ಮುರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ನೇಯುವವರು ಮನೆಯಲ್ಲೇ ಇರುತ್ತಾರೆ, ಗಂಡ ಮಗ್ಗಕ್ಕಿಳಿದರೆ ಹೆಂಡತಿ ಉಂಡೆ ಸುತ್ತುತ್ತಾಳೆ, ಯಾರೂ ಹಾಜರಿ ಹಾಕುವುದಿಲ್ಲ. ಆದರೆ ರೇಷ್ಮೆ, ಜರಿ ಎರಡೂ ಮಾಲೀಕನವು, ಕೂಲಿ ಸೀರೆಗಿಷ್ಟು. ಮದುವೆಗೋ ಆಸ್ಪತ್ರೆಗೋ ಅವನಲ್ಲಿ ಮುಂಗಡ ತೆಗೆದುಕೊಂಡ ಮೇಲೆ ಬೇರೆಯವರಿಗೆ ನೇಯುವ ಹಾಗಿಲ್ಲ, ಕೂಲಿ ಹೆಚ್ಚು ಕೇಳುವ ಹಾಗೂ ಇಲ್ಲ. ಬಳ್ಳಾರಿ, ರಾಯದುರ್ಗದ ಜೀನ್ಸ್ ಹೊಲಿಗೆಯ ಪೀಸ್ ಕೆಲಸದಲ್ಲೂ ಇದೇ ಪಾಡು. ಪೀಸ್ ಬಂದರೆ ರಾತ್ರಿಯೆಲ್ಲ ಹೊಲಿಗೆ, ಬರದಿದ್ದರೆ ಮಿಷನ್ನಿನ ಮೇಲೆ ಧೂಳು. ನಮ್ಮ ತಾಲ್ಲೂಕಿನಿಂದ ಹೋಗಿ ಬೆಂಗಳೂರಿನಲ್ಲಿ ಊಟ ಹಂಚುವ ಹುಡುಗರಿಗೂ ಬೈಕಿನ ಕಂತು ಕಟ್ಟುವ ತಾರೀಖು ಬಂದಾಗ ‘ಬೇಕಾದಾಗ ಲಾಗಿನ್’ ಎಂಬ ಸ್ವಾತಂತ್ರ್ಯ ಉಳಿಯುವುದಿಲ್ಲ. ಅವರಿಗಾಗಿ ರಾಜ್ಯ ಸರ್ಕಾರ 2025ರಲ್ಲಿ ಕಾಯ್ದೆ ತಂದಿದೆ. ಪ್ರತಿ ವಹಿವಾಟಿನಲ್ಲಿ ಕೆಲಸಗಾರರಿಗೆ ಕೊಡುವ ಮೊತ್ತದ ಮೇಲೆ ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ಅದರಲ್ಲಿ ಅವಕಾಶವಿದೆ. ಒಳ್ಳೆಯದಾಯಿತು. ಮಗ್ಗದ ಮನೆಗೂ ಹೊಲಿಗೆ ಮನೆಗೂ ಅಂಥದ್ದೊಂದು ಬರಬೇಕು.

ಈಗ ನನ್ನ ಪುಸ್ತಕ ಬಿಚ್ಚುತ್ತೇನೆ. ನನ್ನ ಕೆಲಸಕ್ಕೂ ತಾರೀಖುಗಳಿವೆ. ಪ್ರತಿ ತಿಂಗಳು 11ಕ್ಕೆ ಒಂದು ರಿಟರ್ನು, 20ಕ್ಕೆ ಇನ್ನೊಂದು, ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಆ ದಿನಗಳಲ್ಲಿ ಅಪ್ಪನಿಗೆ ಊಟ ಮಾಡಿಸಿ ಮಲಗಿಸಿದ ಮೇಲೆ ನಡುರಾತ್ರಿವರೆಗೂ ಕೂರುತ್ತೇನೆ. ಉಳಿದ ದಿನ ಆರಾಮ. ಆದಾಯ ಸಮವಾಗಿ ಬರುವುದಿಲ್ಲ. ಕಡಿಮೆ ತಿಂಗಳಿಗೆ 9 ಸಾವಿರ, ಆದಾಯ ತೆರಿಗೆ ರಿಟರ್ನು ಸಲ್ಲಿಸುವ ಕಾಲದಲ್ಲಿ 26 ಸಾವಿರದವರೆಗೂ ಹೋಗುತ್ತದೆ. ಇಡೀ ವರ್ಷದ ಫೀಸನ್ನು ನಾಳೆ, ನಾಡಿದ್ದು ಎಂದು ಸತಾಯಿಸಿದ ಒಬ್ಬ ವ್ಯಾಪಾರಿಯ ದೆಸೆಯಿಂದ ಅವ್ವನ ಬಳೆ ಅಡ ಇಡುವ ಹಂತಕ್ಕೂ ಬಂದಿದ್ದೆವು. ಈಗ ಮೂರು ತಿಂಗಳಿಗೊಮ್ಮೆ ಮುಂಚಿತವಾಗಿ ಫೀಸು ಪಡೆದೇ ಕೆಲಸ ಹಿಡಿಯುತ್ತೇನೆ. ಕೇಳಲು ಸಂಕೋಚ ಬೇಡ. ಎಣ್ಣೆ ಮಿಲ್ಲಿನವರೂ ಶೇಂಗಾ ತೂಗಿದ ಮೇಲೆಯೇ ಲಾರಿ ಬಿಡುವುದು.

ನನ್ನ ಮನೆ ನಿಂತಿರುವುದು ಎರಡು ಬ್ಯಾಂಕ್ ಖಾತೆಯ ಮೇಲೆ. ಬಂದ ದುಡ್ಡೆಲ್ಲ ಒಂದು ಖಾತೆಗೆ. ಅಲ್ಲಿಂದ ಪ್ರತಿ ತಿಂಗಳು 1ನೇ ತಾರೀಖು 12 ಸಾವಿರ ಮಾತ್ರ ಮನೆಯ ಖಾತೆಗೆ, ಅದೇ ನನ್ನ ಸಂಬಳ. 26 ಸಾವಿರ ಬಂದ ತಿಂಗಳೂ ಅಷ್ಟೇ, 9 ಸಾವಿರ ಬಂದ ತಿಂಗಳೂ ಅಷ್ಟೇ. ಹೆಚ್ಚಿನ ತಿಂಗಳ ಉಳಿಕೆ ಬರಗಾಲದ ತಿಂಗಳಿಗೆ ಆಗುತ್ತದೆ. ಕೆಲಸ ಬಿಡುವ ಮೊದಲೇ ಆರು ತಿಂಗಳ ಮನೆಖರ್ಚನ್ನು ಅಂಚೆ ಕಚೇರಿಯಲ್ಲಿ ಇಟ್ಟಿದ್ದೆ. ಅದಿಲ್ಲದಿದ್ದರೆ ಆ ವ್ಯಾಪಾರಿಯ ಬಾಕಿಯ ಕಾಲದಲ್ಲಿ ಬಳೆ ನಿಜಕ್ಕೂ ಹೋಗುತ್ತಿತ್ತು.

ನನ್ನನ್ನು ಕೇಳಲು ಬರುವವರಲ್ಲಿ ಹೆಚ್ಚಿನವರು ಕಚೇರಿ ಕೊಡುತ್ತಿದ್ದ, ಕೈಗೆ ಕಾಣದ ದುಡ್ಡನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಪಿಎಫ್‌ಗೆ ಮೂಲ ವೇತನದ ಶೇ 12ರಷ್ಟನ್ನು ಮಾಲೀಕರೂ ಹಾಕುತ್ತಾರೆ. ಭಾನುವಾರಕ್ಕೂ ಸಂಬಳ ಸಿಗುತ್ತದೆ, ಜ್ವರ ಬಂದ ದಿನಕ್ಕೂ ಸಿಗುತ್ತದೆ. ಮನೆಯಿಂದ ದುಡಿಯುವವರಿಗೆ ಇವೆಲ್ಲ ತಮ್ಮ ಜೇಬಿನಿಂದಲೇ ಆಗಬೇಕು. 24 ಸಾವಿರದ ಕೆಲಸ ಬಿಟ್ಟು ಊರಲ್ಲಿ 15 ಸಾವಿರ ದುಡಿದರೆ ಸಾಕು ಅನ್ನುವವರು, ಅದರಲ್ಲಿ ಎರಡು ಸಾವಿರವನ್ನಾದರೂ ಮೊದಲೇ ಪಕ್ಕಕ್ಕಿಟ್ಟು ಉಳಿದದ್ದರಲ್ಲಿ ಮನೆ ನಡೆಯುತ್ತದೆಯೇ ನೋಡಿಕೊಳ್ಳಬೇಕು. ನಡೆಯುವುದಿಲ್ಲ ಎಂದಾದರೆ ಇನ್ನೊಂದು ವರ್ಷ ಡ್ಯೂಟಿ ಮಾಡುವುದೇ ಲೇಸು. ಮನೆ, ಬೈಕಿನ ಸಾಲಕ್ಕೆ ಹೋದರೆ ಬ್ಯಾಂಕಿನವರು ಸ್ಯಾಲರಿ ಸ್ಲಿಪ್ ಕೇಳುತ್ತಾರೆ. ಅದು ಇಲ್ಲದವರಿಗೆ ಆದಾಯ ತೆರಿಗೆ ರಿಟರ್ನೇ ಸಾಕ್ಷಿ. ತೆರಿಗೆ ಬರದಿದ್ದರೂ ಪ್ರತಿ ವರ್ಷ ಸಲ್ಲಿಸಿ.

ಹೆಣ್ಣುಮಕ್ಕಳಿಗೆ ಒಂದು ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ. ಬಸ್ ಚಾರ್ಜಿಗೆ ಅಂಜಿ ಊರಿಗೆ ಬಂದ ದಲ್ಲಾಳಿಗೇ ಕಂಬಳಿ ಕೊಡುತ್ತಿದ್ದವರು ಈಗ ಚಳ್ಳಕೆರೆಗೆ ತಾವೇ ಹೋಗಿ ದರ ವಿಚಾರಿಸಿ ಬರಬಹುದು. ನಾನೂ ಮಿಲ್ಲುಗಳಿಂದ ಬಿಲ್ಲಿನ ಕಟ್ಟು ತರುವುದು ಆ ಬಸ್ಸಿನಲ್ಲೇ. ಗೃಹಲಕ್ಷ್ಮಿಯ 2 ಸಾವಿರ ಬರುವ ಮನೆಗಳಲ್ಲಿ ಅದರ ಒಂದು ಪಾಲನ್ನು ಆ ಹೆಣ್ಣುಮಗಳ ಹೆಸರಲ್ಲೇ ಕೂಡಿಡಿ. ಅಷ್ಟಿದ್ದರೆ ಮಾಲೀಕನ ಹತ್ತಿರ ಮುಂಗಡಕ್ಕೆ ಹೋಗುವುದು ಒಂದು ಸಲವಾದರೂ ತಪ್ಪುತ್ತದೆ.

ಕೊನೆಗೆ ಮುಪ್ಪಿನ ವಿಚಾರ. ದೊಡ್ಡವ್ವನ ಕಾಲಕ್ಕೆ ಕಾವಲಿತ್ತು, ಮಂದೆ ಇತ್ತು. ಇವತ್ತು ಮನೆಯಲ್ಲಿ ಕೂತು ಹೊಲಿಯುವ, ಟೈಪ್ ಮಾಡುವ, ಟ್ಯೂಷನ್ ಹೇಳುವ, ಡೆಲಿವರಿ ಮಾಡುವ ಮಕ್ಕಳಿಗೆ ಎರಡೂ ಇಲ್ಲ. ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ ಎರಡು ಲಕ್ಷದ ಜೀವ ವಿಮೆ ಯಾವ ಬ್ಯಾಂಕಿನಲ್ಲಾದರೂ ಸಿಗುತ್ತದೆ. ತಿಂಗಳ ಆದಾಯ 15 ಸಾವಿರದೊಳಗಿರುವ, ಪಿಎಫ್, ಇಎಸ್‌ಐ ಇಲ್ಲದವರಿಗೆ ಶ್ರಮಯೋಗಿ ಮಾನ್‌ಧನ್ ಪಿಂಚಣಿ ಇದೆ. ನೀವು ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ ಸರ್ಕಾರವೂ ಅಷ್ಟೇ ಹಾಕುತ್ತದೆ, 60ರ ನಂತರ ತಿಂಗಳಿಗೆ 3 ಸಾವಿರ. ಅಟಲ್ ಪಿಂಚಣಿಯಲ್ಲಿ ತಿಂಗಳಿಗೆ 5 ಸಾವಿರ ಬರಬೇಕೆಂದರೆ 25ರ ವಯಸ್ಸಿನಲ್ಲಿ ಸೇರಿದವರು ಕಟ್ಟುವುದು ತಿಂಗಳಿಗೆ 376 ರೂಪಾಯಿ, 35ರಲ್ಲಿ ಸೇರಿದವರು 902. ದುಡ್ಡು ಬಂದಾಗ ನೋಡೋಣ ಅನ್ನಬೇಡಿ. ಕೆಲಸ ಬಿಟ್ಟವರು, ಬಿಡಬೇಕೆಂದಿರುವವರು ಈ ತಿಂಗಳೇ ನಿಮ್ಮ ಬ್ಯಾಂಕಿಗೆ ಅಥವಾ ಊರಿನ ಸಾಮಾನ್ಯ ಸೇವಾ ಕೇಂದ್ರಕ್ಕೆ ಆಧಾರ್, ಪಾಸ್‌ಬುಕ್ ಹಿಡಿದು ಹೋಗಿ ಹೆಸರು ಬರೆಸಿ. 40 ದಾಟಿದ ಮೇಲೆ ಈ ಎರಡು ಪಿಂಚಣಿಗೂ ಸೇರಿಸಿಕೊಳ್ಳುವುದಿಲ್ಲ.