ಕಣ್ಣೀರು ತಂದದ್ದು ಯಾವುದು?



ನಿನ್ನೆ ವರ್ಶಿಪ್ ಪ್ರಾಕ್ಟೀಸಿನಲ್ಲಿ ಕೀಬೋರ್ಡ್ ನುಡಿಸುವ ತಮ್ಮನಿಗೆ, "ಒಂದೇ ಟ್ಯೂನನ್ನು ಬೇರೆ ಬೇರೆ ಥರ ನುಡಿಸಪ್ಪಾ, ಹಾಡೋದು ಬೇಡ" ಅಂದೆ. ಮೇಜರ್‌ನಲ್ಲಿ ಫಾಸ್ಟಾಗಿ ನುಡಿಸಿದ. ಎಲ್ಲರೂ "ಸಂತೋಷ" ಅಂದರು. ಅದನ್ನೇ ಮೈನರ್ ಮಾಡಿ ನಿಧಾನವಾಗಿ ನುಡಿಸಿದ. "ದುಃಖ, ಪಾಸ್ಟರ್" ಅಂದರು. ದೇವರ ವಾಕ್ಯ ಒಂದೂ ಇರಲಿಲ್ಲ, ಬರೀ ಸ್ವರ!

1930ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇಟ್ ಹೆವ್ನರ್ ಇದನ್ನೇ ಪರೀಕ್ಷಿಸಿದರು. ಒಂದು ಸಂಗೀತದಲ್ಲಿ ಒಂದೊಂದೇ ಅಂಶವನ್ನು ಬದಲಿಸಿ, ಕೇಳಿದವರಿಗೆ ಪದಗಳ ಪಟ್ಟಿ ಕೊಟ್ಟು ಗುರುತು ಹಾಕಿಸಿದರು. ವೇಗ ಹೆಚ್ಚಿದರೆ ಸಂತೋಷ, ಕಡಿಮೆಯಾದರೆ ಶಾಂತಿ, ಮೈನರ್ ಆದರೆ ದುಃಖ ಎಂದರು ಜನ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪಾಶ್ಚಾತ್ಯ ಸಂಗೀತವನ್ನೇ ಕೇಳಿರದ ಕ್ಯಾಮರೂನ್ ದೇಶದ ಮಾಫಾ ಜನ ಕೂಡ ಅದರಲ್ಲಿ ಸಂತೋಷ, ದುಃಖ, ಭಯವನ್ನು ಗುರುತಿಸಿದರು. ಇದಕ್ಕೆ ಒಂದು ಕಾರಣ ನಮ್ಮ ಮಾತಿನಲ್ಲೇ ಇದೆ. ದುಃಖದಲ್ಲಿರುವವರ ಮಾತು ನಿಧಾನ, ದನಿ ಮೆತ್ತಗೆ. ಸಂಗೀತ ಆ ದನಿಯನ್ನೇ ಹೋಲುತ್ತದೆ.

ಗಮನಿಸಿ: ಸಂಗೀತದಲ್ಲಿ ದುಃಖವನ್ನು ಗುರುತಿಸುವುದು ಬೇರೆ, ನಾವೇ ದುಃಖಪಡುವುದು ಬೇರೆ, ಪಶ್ಚಾತ್ತಾಪ ಇನ್ನೂ ಬೇರೆ.

ಸೌಲನನ್ನು ನೋಡಿ. 1 ಸಮುವೇಲ 16:23ರಲ್ಲಿ ದಾವೀದನು ಕಿನ್ನರಿ ನುಡಿಸಿದಾಗ ಅವನಿಗೆ ಉಪಶಮನ ಸಿಕ್ಕಿತು. 18ನೇ ಅಧ್ಯಾಯಕ್ಕೆ ಬನ್ನಿ. ದಾವೀದನು ನುಡಿಸುತ್ತಿರುವಾಗಲೇ ಸೌಲನು ಈಟಿ ಎಸೆದನು! ಅದೇ ಕಿನ್ನರಿ, ಅದೇ ಕೈ. ಸಂಗೀತ ಅವನನ್ನು ಸಮಾಧಾನಪಡಿಸಿತ್ತು, ಆದರೆ ಅವನ ಹೊಟ್ಟೆಕಿಚ್ಚು ಹೋಗಿರಲಿಲ್ಲ.

ನನ್ನ ತಪ್ಪನ್ನೂ ಹೇಳ್ತೀನಿ. ಪ್ರಾರ್ಥನೆಗೆ ಮುಂದೆ ಬನ್ನಿ ಅಂತ ಕರೆಯುವಾಗ ಕೀಬೋರ್ಡ್‌ನವನಿಗೆ "ಸಾಫ್ಟಾಗಿ ನುಡಿಸು" ಅಂತ ಸನ್ನೆ ಮಾಡ್ತಿದ್ದೆ. ಜನ ಅಳ್ತಿದ್ರು. ನಾನು ಅದನ್ನು ಅಭಿಷೇಕ ಅಂದುಕೊಳ್ತಿದ್ದೆ. ಒಂದು ದಿನ ಒಬ್ಬ ಸಹೋದರಿ ಕೇಳಿದರು: "ಪಾಸ್ಟರ್, ಚರ್ಚಲ್ಲಿ ಅಳು ಬರುತ್ತೆ. ಪಿಜಿ ರೂಮಲ್ಲಿ ಒಬ್ಬಳೇ ಪ್ರಾರ್ಥನೆಗೆ ಕೂತರೆ ಏನೂ ಅನಿಸಲ್ಲ. ದೇವರು ನನ್ನನ್ನು ಬಿಟ್ಟುಬಿಟ್ರಾ?"

ಇಲ್ಲಮ್ಮಾ, ಬಿಟ್ಟಿಲ್ಲ. ರೂಮಲ್ಲಿ ಇಲ್ಲದೆ ಇದ್ದದ್ದು ಕೀಬೋರ್ಡ್, ದೇವರಲ್ಲ. ಆ ವ್ಯತ್ಯಾಸವನ್ನು ನಾನು ಕಲಿಸಿರಲಿಲ್ಲ, ಅಷ್ಟೇ.

ಹಾಗಂತ ಸಂಗೀತವನ್ನು ಅನುಮಾನದಿಂದ ನೋಡಬೇಡಿ. ಎಲೀಷನೇ ವಾದ್ಯ ನುಡಿಸುವವನನ್ನು ಕರೆಸಿದನು (2 ಅರಸುಗಳು 3:15). ಸಂಗೀತ ಬಾಗಿಲು ತೆರೆಯಬಹುದು, ಒಳಗೆ ಹೆಜ್ಜೆ ಇಡಬೇಕಾದವರು ನಾವು. ಆತ್ಮದಿಂದಲೂ ಬುದ್ಧಿಯಿಂದಲೂ ಹಾಡಬೇಕೆಂದು ಪೌಲನು ಕಲಿಸುತ್ತಾನೆ (1 ಕೊರಿಂಥ 14:15).

ಈ ವಾರ ದಿನಕ್ಕೆ ಐದು ನಿಮಿಷ ಇಯರ್‌ಫೋನ್ ತೆಗೆದಿಟ್ಟು ಪ್ರಾರ್ಥಿಸಿ. ಕಣ್ಣೀರು ಬರದಿದ್ದರೂ ಪರವಾಗಿಲ್ಲ. ಮನಸ್ತಾಪ ಆದವರಿಗೆ ಒಂದು ಫೋನ್ ಮಾಡಿ. ಈಟಿ ಕೆಳಗಿಟ್ಟಿದ್ದೀವಾ ಅಂತ ಅಲ್ಲಿ ಗೊತ್ತಾಗುತ್ತೆ. ಇವತ್ತು ಕೊನೆಯ ಪ್ರಾರ್ಥನೆಗೆ ಕೀಬೋರ್ಡ್ ಇರಲ್ಲ. ಬನ್ನಿ, ಪ್ರಾರ್ಥಿಸೋಣ. ಆಮೆನ್.