ದುಡ್ಡು ಬಂತು, ಯಾವುದಕ್ಕೆ ಬಂತು?

ಫೆಸ್ಟ್‌ಗೆ ಅಂತ ನಾವು ಮೂರು ಜನ ಸೇರಿ ಒಂದು ವೆಬ್‌ಸೈಟ್ ಮಾಡಿದ್ವಿ. ಟಿಕೆಟ್, ಟೀ-ಶರ್ಟ್, ವರ್ಕ್‌ಶಾಪ್ ಸೀಟು, ಮೂರಕ್ಕೂ ಬೇರೆ ಬೇರೆ ಟೇಬಲ್. ಯಾಕಂದ್ರೆ ಟೀ-ಶರ್ಟ್‌ಗೆ ಸೈಜ್ ಬೇಕು, ವರ್ಕ್‌ಶಾಪ್‌ಗೆ ಬ್ಯಾಚ್ ಬೇಕು. ಪೇಮೆಂಟ್ ಟೇಬಲ್ ಮಾತ್ರ ಒಂದೇ. ಅದರಲ್ಲಿ 'ವಿಧ', 'ವಸ್ತು ಐಡಿ' ಅಂತ ಎರಡು ಕಾಲಮ್ ಇಟ್ವಿ. ವಿಧ ಟೀ-ಶರ್ಟ್, ಐಡಿ 17 ಅಂದ್ರೆ ಟೀ-ಶರ್ಟ್ ಟೇಬಲ್‌ನಲ್ಲಿ ಐಡಿ 17 ಇರುವ ಸಾಲು. ಎಷ್ಟು ಸುಲಭ ಅಂತ ಬೀಗಿದ್ವಿ.

ಫೆಸ್ಟ್ ದಿನ ಒಬ್ಬ ಜೂನಿಯರ್ ಬಂದು ನಿಂತ. 350 ರೂಪಾಯಿ ಕಟ್ಟಿದ ಸ್ಕ್ರೀನ್‌ಶಾಟ್ ಅವನ ಹತ್ರ ಇದೆ, ನಮ್ಮ ಪೇಮೆಂಟ್ ಟೇಬಲ್‌ನಲ್ಲೂ ಇದೆ, ಟೀ-ಶರ್ಟ್ ಸಾಲು ಮಾತ್ರ ಇಲ್ಲ! ಟೆಸ್ಟ್ ಡೇಟಾ ಅಳಿಸುವಾಗ ಅದನ್ನೂ ನಾವೇ ಅಳಿಸಿದ್ವಿ.

ಡೇಟಾಬೇಸ್ ಯಾಕೆ ತಡೀಲಿಲ್ಲ? ಫಾರಿನ್ ಕೀ ಒಂದು ನಿಗದಿತ ಟೇಬಲ್‌ಗೇ ಕಟ್ಟಿರಬೇಕು. 'ವಿಧ ನೋಡಿ ಟೇಬಲ್ ಆರಿಸಿಕೋ' ಅಂತ ಅದಕ್ಕೆ ಹೇಳೋಕಾಗಲ್ಲ. ಹಾಗಾಗಿ ನಮ್ಮ 'ವಸ್ತು ಐಡಿ' ಡೇಟಾಬೇಸ್ ಪಾಲಿಗೆ ಬರೀ ಒಂದು ಸಂಖ್ಯೆ. ಈ ಥರದ ಜೋಡಣೆಗೆ ಪಾಲಿಮಾರ್ಫಿಕ್ ಅಸೋಸಿಯೇಷನ್ ಅಂತಾರೆ.

ಸರಿಪಡಿಸೋಕೆ ನಮಗೆ ಸಿಕ್ಕ ದಾರಿ ಎರಡು.

ಒಂದು: ಪೇಮೆಂಟ್ ಟೇಬಲ್‌ನಲ್ಲಿ ಮೂರು ಫಾರಿನ್ ಕೀ ಇಡೋದು. ಮೂರರಲ್ಲಿ ಒಂದು ಮಾತ್ರ ತುಂಬಿರಬೇಕು, ಉಳಿದೆರಡು ನಲ್ ಇರಬೇಕು ಅಂತ ಚೆಕ್ ಕನ್‌ಸ್ಟ್ರೇಂಟ್ ಹಾಕೋದು. ಹುಷಾರು, ಮೈಎಸ್‌ಕ್ಯೂಎಲ್ 8.0.16ಕ್ಕಿಂತ ಹಳೇದಾದ್ರೆ ಚೆಕ್ ಬರೆದರೂ ಅದು ಲೆಕ್ಕಕ್ಕೇ ತಗೊಳ್ಳಲ್ಲ. ಮತ್ತೆ, ನಾಲ್ಕನೇ ವಸ್ತು ಬಂದ್ರೆ ಇನ್ನೊಂದು ಕಾಲಮ್ ಸೇರಿಸಬೇಕು.

ಎರಡು: ನಡುವೆ 'ಆರ್ಡರ್' ಅನ್ನೋ ಟೇಬಲ್ ತರೋದು. ಯಾರು, ಯಾವ ವಿಧ, ಎಷ್ಟು ಬೆಲೆ, ಇಷ್ಟು ಅದರಲ್ಲಿರುತ್ತೆ. ಟಿಕೆಟ್, ಟೀ-ಶರ್ಟ್, ವರ್ಕ್‌ಶಾಪ್ ಟೇಬಲ್‌ಗಳಿಗೆ ಆರ್ಡರ್ ಐಡಿಯೇ ಪ್ರೈಮರಿ ಕೀ, ಅದೇ ಫಾರಿನ್ ಕೀ. ಪೇಮೆಂಟ್ ಕೂಡ ಆರ್ಡರ್ ಐಡಿಯನ್ನಷ್ಟೇ ಹಿಡಿದುಕೊಳ್ಳುತ್ತೆ. ಕ್ಯಾಸ್ಕೇಡ್ ಹಾಕದಿದ್ದರೆ, ಪೇಮೆಂಟ್ ಇರುವ ಆರ್ಡರನ್ನ ಅಳಿಸೋಕೆ ಡೇಟಾಬೇಸ್ ಬಿಡಲ್ಲ. ಟೀ-ಶರ್ಟ್ ಸಾಲನ್ನ ಮಾತ್ರ ಅಳಿಸಿದ್ರೆ ಇಲ್ಲೂ ತಡೆಯಲ್ಲ, ನಿಜ. ಆದ್ರೆ ಸೈಜ್ ಹೋದರೂ ದುಡ್ಡು ಯಾರದು, ಯಾವುದಕ್ಕೆ ಅನ್ನೋದು ಆರ್ಡರ್‌ನಲ್ಲಿ ಉಳಿಯುತ್ತೆ. ಮೊದಲ ಸಲ ಫೇಲ್ ಆಗಿ ಎರಡನೇ ಸಲ ಪೇಮೆಂಟ್ ಆದ್ರೆ, ಒಂದೇ ಆರ್ಡರ್‌ಗೆ ಎರಡು ಪೇಮೆಂಟ್ ಸಾಲು, ಅಷ್ಟೇ.

ನಾವು ಎರಡನೇದನ್ನ ಆರಿಸಿದ್ವಿ. ಮೊತ್ತವನ್ನ ಫ್ಲೋಟ್ ಬಿಟ್ಟು ಪೈಸೆ ಲೆಕ್ಕದ ಪೂರ್ಣಾಂಕ ಮಾಡಿದ್ವಿ: 350 ರೂಪಾಯಿ ಅಂದ್ರೆ 35000.

ಆ ಜೂನಿಯರ್‌ಗೆ ಕೊನೆಗೆ ಟೀ-ಶರ್ಟ್ ಕೊಟ್ವಿ. ಮಿಕ್ಕಿದ್ದು ಎಕ್ಸ್‌ಎಲ್ ಮಾತ್ರ. ಈಗಲೂ ಅದನ್ನ ಹಾಕ್ಕೊಂಡು ಕಾರಿಡಾರ್‌ನಲ್ಲಿ ಎದುರಾದಾಗೆಲ್ಲ ನಮಗೆ ಫಾರಿನ್ ಕೀ ನೆನಪಾಗುತ್ತೆ.